ಬಿಣಗಾದ ಎದುರಿಗೊಂದು ಪೋರ್ಚುಗಲ್

ಮಕ್ಕಳೇ, ಪೋರ್ಚುಗಲ್ ಎಲ್ಲಿದೆ ಎಂದು ಕೇಳಿದರೆ ನೀವು ನಕಾಶೆ ಬಿಡಿಸಿ ಯುರೋಪಿನ ಪಶ್ಚಿಮ ತುದಿಗೆ ಬೆರಳಿಡುತ್ತೀರಿ. ಸರಿಯೇ. ಆದರೆ ನಾನು ಐದನೇ ಇಯತ್ತೆಯಲ್ಲಿದ್ದಾಗ ಪೋರ್ಚುಗಲ್ಲಿನ ಒಂದು ಚೂರು ನಮ್ಮ ಕಾರವಾರದ ಪಕ್ಕದಲ್ಲೇ ಇತ್ತು. ಬಿಣಗಾ ದಡದಲ್ಲಿ ನಿಂತರೆ ಕಾಣುವ ಅಂಜುದೀವ ದ್ವೀಪ! ಉದ್ದಗಲ ಸೇರಿ ಸುಮಾರು ಒಂದೂವರೆ ಚದರ ಕಿಲೋಮೀಟರ್. ದಡದಲ್ಲಿ ಭಾರತ, ನೀರು ದಾಟಿದರೆ ಪರದೇಶ.

ಇಷ್ಟು ಸಣ್ಣ ಗುಡ್ಡದ ಮೇಲೆ ಅಷ್ಟು ದೂರದವರಿಗೆ ಏಕೆ ಕಣ್ಣು? ಸಿಹಿನೀರು. ಹಾಯಿಹಡಗಿನ ಕಾಲದಲ್ಲಿ ಸುತ್ತಲೂ ನೀರಿದ್ದರೂ ನಾವಿಕರು ಬಾಯಾರಿ ಸಾಯುತ್ತಿದ್ದರು. 1498ರಲ್ಲಿ ಕಲ್ಲಿಕೋಟೆಯಿಂದ ತಿರುಗಿ ಹೊರಟ ವಾಸ್ಕೋ ಡ ಗಾಮ ಇಲ್ಲಿ ಲಂಗರು ಹಾಕಿ ನೀರು ತುಂಬಿಸಿಕೊಂಡ, ಹಡಗಿನ ತಳ ಉಜ್ಜಿಸಿಕೊಂಡ. ಆಗ ದೋಣಿಯಲ್ಲಿ ಬಂದ ಒಬ್ಬನು ಇಟಲಿಯ ವೆನಿಸ್ ಕಡೆಯ ಮಾತಿನಲ್ಲಿ ನಮಸ್ಕಾರ ಹೇಳಿದನಂತೆ! ಅವನು ಯುರೋಪಿನಿಂದ ಬಂದು ಗೋವೆಯ ಸುಲ್ತಾನನ ಚಾಕರಿಯಲ್ಲಿದ್ದ ಯಹೂದಿ. ಗೂಢಚಾರನೆಂದು ಹಿಡಿದು ಹೊಡೆದರು, ಪೋರ್ಚುಗಲ್ಲಿಗೆ ಒಯ್ದು ಗಾಸ್ಪರ್ ಡ ಗಾಮ ಎಂಬ ಹೆಸರಿಟ್ಟರು. ಮುಂದೆ ಅದೇ ಮನುಷ್ಯ ಅವರ ದುಭಾಷಿಯಾದ. 1505ರಲ್ಲಿ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ, ಅದು ಹೆಚ್ಚು ಕಾಲ ನಿಲ್ಲಲಿಲ್ಲ. 1682ರಲ್ಲಿ ಮರಾಠರ ಭಯಕ್ಕೆ ಮತ್ತೆ ಕಟ್ಟಿದರು.

ಅಂಕೋಲೆಯ ಮಕ್ಕಳಿಗೆ ಇನ್ನೊಂದು ಸಂಗತಿ. ನಿಮ್ಮೂರಿನ ಆರ್ಯಾದುರ್ಗಾ ದೇವಿ ಮೂಲದಲ್ಲಿ ಈ ದ್ವೀಪದವಳೆಂದು, ಪರಂಗಿಗಳು ಬಂದ ಮೇಲೆ ಅಂಕೋಲೆಗೆ ಬಂದು ನೆಲೆಸಿದಳೆಂದು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ ನೋಡಿ.

ನನಗೆ ಹೆಚ್ಚು ನೋವು ಕೊಡುವುದು ಇಂಗ್ಲಿಷ್ ಸಿಪಾಯಿಗಳ ಕಥೆ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡುವ ಮಾತಾಯಿತು. ವರದಕ್ಷಿಣೆಯಲ್ಲಿ ಮುಂಬಯಿಯೂ ಸೇರಿತ್ತು. ಅದನ್ನು ವಶಕ್ಕೆ ಪಡೆಯಲು ಅಬ್ರಹಾಂ ಶಿಪ್‌ಮನ್ ಸುಮಾರು ನಾನೂರು ಸಿಪಾಯಿಗಳೊಂದಿಗೆ ಬಂದರೆ, ಅಲ್ಲಿಯ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಬಿಟ್ಟುಕೊಡಲಿಲ್ಲ. (ಕಾಗದದಲ್ಲಿ ತಪ್ಪು ಹುಡುಕಿ ಗಿರಾಕಿಯನ್ನು ತಿರುಗಿ ಕಳಿಸುವ ವಿದ್ಯೆ ನಮ್ಮ ಬ್ಯಾಂಕಿನವರು ಕಂಡುಹಿಡಿದದ್ದಲ್ಲ ಎಂದು ಆಗ ಗೊತ್ತಾಯಿತು.) ಹೋಗಲು ಬೇರೆ ಜಾಗವಿಲ್ಲದೆ ಅವರು ಅಂಜುದೀವದಲ್ಲಿ ಇಳಿದರು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತಲ್ಲ? ಸರಿಯಾದ ಸೂರಿಲ್ಲ, ಊಟವಿಲ್ಲ, ಮೇಲೆ ಜ್ವರ. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡ. 1665ರಲ್ಲಿ ಮುಂಬಯಿ ಕೈಗೆ ಸಿಕ್ಕಾಗ ಉಳಿದವರು ನೂರಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಮೂರೇ ವರ್ಷದಲ್ಲಿ ರಾಜ ಆ ಮುಂಬಯಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಕೊಟ್ಟುಬಿಟ್ಟ!

ಇನ್ನು 1961. ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಗಳ ಮೇಲೂ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಮನೆಮನೆಯಲ್ಲಿ ಅದೇ ಮಾತು. ಕಡಲಿಗೆ ಹೋದ ಗಂಡಸರು ತಿರುಗಿ ಬರುವ ತನಕ ಹೆಂಗಸರು ದಡ ಬಿಟ್ಟು ಕದಲುತ್ತಿರಲಿಲ್ಲ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ ತ್ರಿಶೂಲ್ ಹಡಗಿನಿಂದ ನಾವಿಕರು ದ್ವೀಪಕ್ಕೆ ಇಳಿದರು, ಬೆಂಬಲಕ್ಕೆ ಮೈಸೂರ್ ಎಂಬ ಹಡಗು. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ! ಏಳು ನಾವಿಕರು ಪ್ರಾಣ ಕೊಟ್ಟರು. ಅವರ ಸ್ಮಾರಕ ದ್ವೀಪದಲ್ಲಿದೆ.

ಈಗ ಅಲ್ಲಿಗೆ ನೀವೂ ನಾನೂ ಹೋಗುವಂತಿಲ್ಲ. ಅದು ಸೀಬರ್ಡ್ ನೌಕಾನೆಲೆಯ ಭಾಗ. 2005ರಲ್ಲಿ ಆರಂಭವಾದ ನೆಲೆಗೆ ಬನವಾಸಿಯ ಕದಂಬರ ಹೆಸರಿಟ್ಟಿದ್ದಾರೆ. ದ್ವೀಪದ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಗೋವಾದ ಭಕ್ತರಿಗೂ ದಾರಿ ಮುಚ್ಚಿತು. ದೇಶಕ್ಕೆ ನೆಲೆ ಬೇಕು, ನಿಜ. ಆದರೆ ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಎಷ್ಟೋ ಮಂದಿ ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟೆದ್ದರು. ಪರಿಹಾರದ ಚೆಕ್ ಹಿಡಿದು ನನ್ನ ಕೌಂಟರಿಗೆ ಬಂದ ಮುದುಕಿಯೊಬ್ಬಳು ಕೇಳಿದ್ದಳು: “ಮಗಾ, ಗದ್ದೆಯಲ್ಲಿ ವರ್ಷಾ ವರ್ಷಾ ಭತ್ತ ಬರ್ತಿತ್ತು. ಇದು ಎಷ್ಟು ವರ್ಷ ಬರ್ತದೆ?” ನಾನು ಠೇವಣಿಯ ಬಡ್ಡಿ ಲೆಕ್ಕ ಹಾಕಿ ತೋರಿಸಿದೆ. ಅವಳು ನಕ್ಕು, ಹೆಬ್ಬೆಟ್ಟು ಒತ್ತಿ ಹೋದಳು.

ಬಿಳಿಹೊಟ್ಟೆಯ ಕಡಲ ಹದ್ದಿಗೆ ಮಾತ್ರ ಯಾವ ಪಾಸೂ ಬೇಡ. ಕಾಳಿ ನದಿಯ ಅಳಿವೆಯ ಹತ್ತಿರ ಗೂನುಬೆನ್ನಿನ ಡಾಲ್ಫಿನ್‌ಗಳೂ ಕಾಣುತ್ತವೆ. ಬೆಳಗಿನ ಹೊತ್ತು, ಕಡಲು ಶಾಂತವಿದ್ದಾಗ ಅಜ್ಜನ ಕೈ ಹಿಡಿದು ಹೋಗಿ.

ಕೊನೆಗೊಂದು ಪ್ರಶ್ನೆ. ನಾಲ್ಕೂ ಕಡೆ ನೀರಿದ್ದರೆ ದ್ವೀಪ ಎನ್ನುತ್ತದೆ ನಿಮ್ಮ ಪುಸ್ತಕ. ನೌಕಾನೆಲೆಗಾಗಿ ಬಿಣಗಾ ಕಡೆಯಿಂದ ಕಲ್ಲಿನ ತಡೆಗೋಡೆ ಕಟ್ಟಿ ಅಂಜುದೀವವನ್ನು ದಡಕ್ಕೆ ಸೇರಿಸಿದ್ದಾರೆ. ದಡ ಕರ್ನಾಟಕದ್ದು, ದ್ವೀಪ ಇವತ್ತಿಗೂ ಗೋವಾ ರಾಜ್ಯದ್ದು. ಹಾಗಾದರೆ ಇದು ದ್ವೀಪವೋ ಅಲ್ಲವೋ? ನಿಮ್ಮ ಟೀಚರನ್ನು ಕೇಳಿ ನನಗೆ ಒಂದು ಕಾರ್ಡು ಬರೆಯಿರಿ.