ಬೀಗ ನಾವು ಹಾಕುತ್ತೇವೆ, ದಾರಿ ನೀವು ಕಾಯಿರಿ

ಚಾಮರಾಜನಗರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ,

ಮಾನ್ಯರೇ,

ಗಾಡಿ ಕಳವಿನ ಸುದ್ದಿ ಬಂದಾಗಲೆಲ್ಲ ಇಲಾಖೆಯಿಂದ ಜನರಿಗೆ ಸಿಗುವ ಬುದ್ಧಿಮಾತು ಒಂದೇ. ಹ್ಯಾಂಡಲ್ ಲಾಕ್ ಮಾಡಿ, ಸಾಲದಿದ್ದರೆ ವ್ಹೀಲ್ ಲಾಕ್ ಹಾಕಿ, ಕೈಯಲ್ಲಿ ಕಾಸಿದ್ದರೆ ಜಿಪಿಎಸ್ ಕೂರಿಸಿಕೊಳ್ಳಿ. ಮಾತು ತಪ್ಪಲ್ಲ, ಆದರೆ ಅರ್ಧ ಮಾತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳ ಗಾಡಿಯವರ ಪರವಾಗಿ ಉಳಿದರ್ಧವನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಬೀಗದ ವಿಚಾರವನ್ನೇ ನೋಡೋಣ. ಕಾರಿನ ಸ್ಟೀರಿಂಗಿಗೆ ಅಡ್ಡಲಾಗಿ ಸಿಕ್ಕಿಸುವ ಕಬ್ಬಿಣದ ಸಲಾಕೆ ನೋಡಲು ಗಟ್ಟಿ. ಪಳಗಿದ ಕಳ್ಳ ಸಲಾಕೆಯ ತಂಟೆಗೇ ಹೋಗುವುದಿಲ್ಲ. ಅದು ಕಚ್ಚಿಕೊಂಡಿರುವ ಸ್ಟೀರಿಂಗ್ ಚಕ್ರವನ್ನೇ ಕೊಯ್ದು ಸಲಾಕೆಯನ್ನು ಆಚೆ ಎಸೆಯುತ್ತಾನೆ. ಬೈಕಿನ ಹ್ಯಾಂಡಲ್ ಲಾಕ್ ಇನ್ನೂ ಬಡಪಾಯಿ, ತೋಳಿನಲ್ಲಿ ಕಸುವಿರುವವನಿಗೆ ಅದು ಲೆಕ್ಕಕ್ಕಿಲ್ಲ. ಡಿಸ್ಕ್ ಲಾಕ್, ಚಕ್ರಕ್ಕೆ ಸುತ್ತುವ ಸರಪಳಿ ಸ್ವಲ್ಪ ಹೆಚ್ಚು ಹೊತ್ತು ತಡೆದಾವು. ಆದರೆ "ಬೀಗ ಇದ್ರೇನ್ ಬುದ್ಧಿ, ಗಾಡಿನೇ ಎತ್ಕೊಂಡ್ ಹೋದ್ರೆ?" ಎಂದು ನಮ್ಮ ಕಡೆಯ ಮೆಕ್ಯಾನಿಕ್ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಇಬ್ಬರು ಸೇರಿ ಎತ್ತಿ ಗೂಡ್ಸ್ ಆಟೋಗೆ ಹಾಕಿದರೆ ಮುಗಿಯಿತು, ಬೀಗವೂ ಗಾಡಿಯ ಜೊತೆಗೇ ಹೋಗುತ್ತದೆ. ಮೋಟಾರು ವಿಮೆಯ ಹಳೆಯ ದರಪಟ್ಟಿಯಲ್ಲಿ, ಪ್ರಮಾಣೀಕೃತ ಕಳವು ನಿರೋಧಕ ಸಾಧನ ಹಾಕಿಸಿದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಇದ್ದ ರಿಯಾಯಿತಿ ಶೇ 2.5, ಅದೂ 500 ರೂಪಾಯಿ ಮೀರದಂತೆ. ದುಡ್ಡು ಲೆಕ್ಕ ಹಾಕುವವರಿಗೆ ಬೀಗದ ಮೇಲಿರುವ ನಂಬಿಕೆ ಅಷ್ಟೇ.

ಹಾಗಂತ ಬೀಗ ದಂಡ ಎನ್ನುತ್ತಿಲ್ಲ. ಬೀಗ ಕಳ್ಳನ ಹೊತ್ತು ತಿನ್ನುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಮುಂದೆ ಹಗಲಲ್ಲಿ ಅವನಿಗೆ ಎರಡು ನಿಮಿಷವೂ ದುಬಾರಿ, ಬೆಟ್ಟದ ಬುಡದ ಕತ್ತಲಲ್ಲಿ ಅರ್ಧ ಗಂಟೆಯೂ ಅಗ್ಗ. ಪುಂಡಾಟಕ್ಕೆ ಗಾಡಿ ಎತ್ತುವ ಹುಡುಗರು ಬೀಗ ಕಂಡರೆ ಮುಂದಕ್ಕೆ ಹೋಗುತ್ತಾರೆ. ಎಲ್ಲಿಗೆ? ಪಕ್ಕದಲ್ಲಿ ನಿಂತ, ಬೀಗವಿಲ್ಲದ ಗಾಡಿಯ ಹತ್ತಿರಕ್ಕೆ. ನನ್ನ ಗಾಡಿ ಉಳಿದು ನಿಮ್ಮದು ಹೋದರೆ ಠಾಣೆಯ ಲೆಕ್ಕದಲ್ಲಿ ಕಳವು ಒಂದೇ ತಾನೆ?

ಇದು ನನ್ನ ತರ್ಕ ಮಾತ್ರವಲ್ಲ, ಬೇರೆ ದೇಶಗಳಲ್ಲಿ ಕಂಡ ಸಂಗತಿ. ಪಶ್ಚಿಮ ಜರ್ಮನಿಯಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಹೊಸದು ಹಳೆಯದು ಎನ್ನದೆ ಎಲ್ಲ ಕಾರುಗಳಿಗೂ ಸ್ಟೀರಿಂಗ್ ಲಾಕ್ ಕಡ್ಡಾಯವಾಯಿತು. ಕಾರು ಕಳವು ದಪ್ಪನೆ ಇಳಿಯಿತು, ಮುಂದೆಯೂ ಏರಲಿಲ್ಲ. ಬ್ರಿಟನ್ 1971ರಲ್ಲಿ ಅದೇ ಲಾಕನ್ನು ಹೊಸ ಕಾರುಗಳಿಗೆ ಮಾತ್ರ ಹಾಕಿಸಿತು. ಕಳ್ಳರು ಹೊಸ ಕಾರು ಬಿಟ್ಟು ಹಳೆಯ ಕಾರಿಗೆ ಕೈ ಹಾಕಿದರು, ಒಟ್ಟು ಕಳವು ಹೆಚ್ಚೇನೂ ತಗ್ಗಲಿಲ್ಲ. ಲಾಕ್ ಒಂದೇ ಬಗೆಯದು. ಒಂದು ಕಡೆ ಎಲ್ಲರಿಗೂ ಇತ್ತು, ಇನ್ನೊಂದು ಕಡೆ ಕೆಲವರಿಗೆ ಮಾತ್ರ.

ಕೀಲಿಯೊಳಗಿನ ಚಿಪ್ಪನ್ನು ಗುರುತಿಸದೆ ಎಂಜಿನ್ ಚಾಲೂ ಆಗದಂತೆ ಮಾಡುವ ಇಮ್ಮೊಬಿಲೈಸರ್ ಕಥೆಯನ್ನೂ ಕೇಳಿ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದು ಅದರಿಂದಲೇ ಕಾರು ಕಳವು ಸುಮಾರು ಶೇ 40ರಷ್ಟು ಇಳಿಯಿತೆಂದು ಲೆಕ್ಕ ಹಾಕಿತು. ಅಮೆರಿಕದಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು ಹೇಗೆ ಕದಿಯಬಹುದೆಂದು 2021ರ ಬಳಿಕ ಹುಡುಗರು ಮೊಬೈಲ್ ವಿಡಿಯೊಗಳಲ್ಲೇ ತೋರಿಸತೊಡಗಿದರು. ಕೊನೆಗೆ ಆ ಕಂಪನಿಗಳು ಪೊಲೀಸ್ ಠಾಣೆಗಳ ಮೂಲಕ ಸ್ಟೀರಿಂಗ್ ಸಲಾಕೆಗಳನ್ನು ಬಿಟ್ಟಿಯಾಗಿ ಹಂಚಬೇಕಾಯಿತು. ಅಷ್ಟೊಂದು ಎಲೆಕ್ಟ್ರಾನಿಕ್ಸ್ ಇರುವ ದೇಶದಲ್ಲೂ ಕಬ್ಬಿಣಕ್ಕೆ ಒಂದು ಕಾಲ ಬಂತು ನೋಡಿ.

ನಮ್ಮ ತಾಲ್ಲೂಕುಗಳಿಗೆ ಬನ್ನಿ. ಇಲ್ಲಿನ ಹಳ್ಳಿಗಳಲ್ಲಿ ಸಂಸಾರ ಎಳೆಯುವುದು ಕಾರಲ್ಲ. ಎಕ್ಸೆಲ್ ಗಾಡಿ, ಹತ್ತು ಹದಿನೈದು ವರ್ಷದ ಸ್ಪ್ಲೆಂಡರ್. ಹಾಲಿನ ಕ್ಯಾನು, ಮೇವಿನ ಹೊರೆ, ಗೂಡಿನ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಚೀಲ, ಶಾಲೆಯ ಮಕ್ಕಳು, ಎಲ್ಲವೂ ಅದರ ಮೇಲೆಯೇ. ಇವಕ್ಕೆ ಚಿಪ್ಪಿನ ಕೀಲಿ ಇಲ್ಲ. ಹಲವು ಗಾಡಿಗಳ ಬೀಗ ಸವೆದು ಸವೆದು ಯಾವ ಕೀಲಿಗೂ ತಿರುಗುವ ಸ್ಥಿತಿ. ಜಿಪಿಎಸ್ ಹಾಕಿಸಿಕೊಳ್ಳಿ ಎಂದರೆ, ಗಾಡಿ ಎಲ್ಲಿದೆಯೆಂದು ನಮಗೆ ತಿಳಿಸಲು ಆ ಪೆಟ್ಟಿಗೆಗೂ ಮೊಬೈಲ್ ಸಿಗ್ನಲ್ ಬೇಕು. ಮಲೆ ಮಹದೇಶ್ವರ ಬೆಟ್ಟದ ಕಾಡಿನ ತಿರುವುಗಳಲ್ಲಿ ನಮ್ಮ ಫೋನಿಗೇ ಸಿಗದ ಸಿಗ್ನಲ್ ಅದಕ್ಕೆಲ್ಲಿ ಸಿಗಬೇಕು? ಇಂಥ ಕಡೆ ಎಲ್ಲರ ಗಾಡಿಗೂ ಒಳ್ಳೆಯ ಬೀಗ ಬೀಳುವುದು ಆಗದ ಮಾತು. ಬೀಗ ಕೊಳ್ಳಲಾರದವನ ಗಾಡಿಯೇ ಹೋಗುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು: ಕಳ್ಳ ಗಾಡಿ ಎತ್ತುವ ಗಳಿಗೆಯನ್ನು ನಮಗೆ ಬಿಡಿ, ಎತ್ತಿದ ಮೇಲೆ ಅದನ್ನು ಓಡಿಸುವ ಮತ್ತು ಮಾರುವ ದಾರಿಯನ್ನು ನೀವು ಹಿಡಿಯಿರಿ.

ಓಡಿಸುವ ದಾರಿಯ ಬಗ್ಗೆ ಜರ್ಮನಿಯದೇ ಇನ್ನೊಂದು ಸಂಗತಿ ಇದೆ. ಅಲ್ಲಿ ಹೆಲ್ಮೆಟ್ ಕಾನೂನು ಮೊದಲೇ ಇದ್ದರೂ, ಹಾಕದವರಿಗೆ ಸ್ಥಳದಲ್ಲೇ ದಂಡ ವಿಧಿಸಲು ಶುರುವಾದದ್ದು 1980ರಲ್ಲಿ. ತಲೆ ಉಳಿಯಲಿ ಎಂದು ಮಾಡಿದ್ದು, ಗಾಡಿಗಳೂ ಉಳಿದವು. ಆ ವರ್ಷ 1,50,000 ದಾಟಿದ್ದ ಮೋಟಾರ್ ಸೈಕಲ್ ಕಳವು 1986ರ ಹೊತ್ತಿಗೆ 54,000ದ ಆಸುಪಾಸಿಗೆ ಬಂತು. ಕಾರಣ ಸರಳ. ದಾರಿಯಲ್ಲಿ ಕಂಡ ಗಾಡಿಯನ್ನು ಥಟ್ಟನೆ ಎತ್ತುವವನು ಕೈಯಲ್ಲಿ ಹೆಲ್ಮೆಟ್ ಹಿಡಿದು ಬಂದಿರುವುದಿಲ್ಲ. ಬರಿತಲೆಯಲ್ಲಿ ಹೊರಟರೆ ಮೊದಲ ಸರ್ಕಲ್‌ನಲ್ಲೇ ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಆ ಕಳ್ಳರೆಲ್ಲ ಕಾರುಗಳ ಮೇಲೆ ಬಿದ್ದದ್ದೂ ಇಲ್ಲ. ಲಾಕ್ ಕಂಪನಿಯವರ ಯಾವ ಜಾಹೀರಾತಿಗೂ ಇಂಥ ಫಲ ಸಿಕ್ಕಿದ್ದನ್ನು ನಾನು ಓದಿಲ್ಲ.

ನಮ್ಮಲ್ಲೂ ಹೆಲ್ಮೆಟ್ ತಪಾಸಣೆ ಇದೆ, 500 ರೂಪಾಯಿ ದಂಡವೂ ಇದೆ. ಆದರೆ ನಡೆಯುವುದು ಹೇಗೆ? ಪಟ್ಟಣದ ಒಂದು ತಿರುವಿನಲ್ಲಿ ನಿಂತು ಫೋಟೊ ತೆಗೆದು ರಸೀದಿ ಕೊಡುವುದರಲ್ಲಿ ಕೆಲಸ ಮುಗಿಯುತ್ತದೆ. ನಂಬರ್ ಪ್ಲೇಟಿನ ಮೇಲಿರುವ ಕೆಎ 10ರ ಸಂಖ್ಯೆಗೂ ಹ್ಯಾಂಡಲ್ ಬುಡದಲ್ಲಿ ಕೊರೆದಿರುವ ಚಾಸಿಸ್ ನಂಬರಿಗೂ ತಾಳೆ ಇದೆಯೇ ಎಂದು ಬಗ್ಗಿ ನೋಡುವ ಸಿಬ್ಬಂದಿ ಅಪರೂಪ. ದಂಡ ಕಟ್ಟಿದ ಕಳ್ಳ ರಸೀದಿ ಹಿಡಿದು ಮುಂದಕ್ಕೆ ಹೋಗಬಹುದು! ತಡೆದ ಪ್ರತಿ ಗಾಡಿಯನ್ನೂ ಬೇಡ, ಹತ್ತರಲ್ಲಿ ಒಂದರ ಚಾಸಿಸ್ ನಂಬರನ್ನಾದರೂ ವಾಹನ ದಾಖಲೆಯೊಂದಿಗೆ ಹೋಲಿಸಿ ನೋಡಿ ಎಂದು ನಿಮ್ಮ ಕೆಳಗಿನವರಿಗೆ ಆದೇಶಿಸಿ. ಜನ ಗೊಣಗುತ್ತಾರೆ, ನಾನೂ ಗೊಣಗುತ್ತೇನೆ. ಆದೇಶ ಮಾತ್ರ ನಿಲ್ಲಿಸಬೇಡಿ.

ನಂಬರ್ ಪ್ಲೇಟಿನದ್ದೇ ದೊಡ್ಡ ಕಥೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಪ್ಲೇಟು ಶೋರೂಮಿನಿಂದಲೇ ಬರುತ್ತಿದೆ. ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್, ಹೊಲೊಗ್ರಾಂ, ಲೇಸರ್‌ನಲ್ಲಿ ಕೊರೆದ ಗುರುತು ಸಂಖ್ಯೆ ಅದರಲ್ಲಿವೆ. ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೇಳಿ, ಆ ವರ್ಷದ ನವೆಂಬರ್ 17ರ ಗಡುವು ಕೊಟ್ಟಿತು. ಗಡುವು ಒಂದಾದ ಮೇಲೊಂದರಂತೆ ಮುಂದಕ್ಕೆ ಹೋಯಿತು. ನಮ್ಮ ಹಳ್ಳಿಗಳ ಎಷ್ಟೋ ಗಾಡಿಗಳಲ್ಲಿ ಹಳೆಯ ಪ್ಲೇಟೇ ಉಳಿಯಿತು. ಸಂಖ್ಯೆಯನ್ನು ಮೂಲೆಗೊತ್ತಿ "ಮಾದಪ್ಪನ ಕೃಪೆ" ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡವರೂ ಇದ್ದಾರೆ. ಬೆಟ್ಟದ ಮಾದಪ್ಪನ ಮೇಲೆ ನಮಗೂ ಭಕ್ತಿ ಇದೆ, ಆದರೆ ಕಳ್ಳನಿಗೆ ಬೇಕಾದದ್ದು ಇಂಥ ಪ್ಲೇಟೇ.

ಮಾನ್ಯರೇ, ನಿಮ್ಮ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಕಳ್ಳನ ಕಣ್ಣಿನಿಂದ ನೋಡಿ. ಬೆಂಗಳೂರಿನಂಥ ಊರಿನಲ್ಲಿ ಕದ್ದ ಗಾಡಿಗೆ ಸಾವಿರ ಗಲ್ಲಿ. ಇಲ್ಲಿ ಹಾಗಲ್ಲ. ಉತ್ತರಕ್ಕೆ ಕಾವೇರಿ, ಬೆಂಗಳೂರು ಕಡೆಗೆ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿ ಶಿವನಸಮುದ್ರದ ಬಳಿ ಸೇತುವೆ ದಾಟಲೇಬೇಕು. ತಮಿಳುನಾಡಿಗೆ ಹೋಗಬೇಕಾದರೆ ಮಲೆ ಮಹದೇಶ್ವರ ಬೆಟ್ಟ ಇಳಿದು ಪಾಲಾರ್ ದಾಟಬೇಕು, ಇಲ್ಲವೇ ಗರಿಕೆಕಂಡಿ ಕಡೆಯ ಕಾಡುದಾರಿ ಹಿಡಿಯಬೇಕು, ಅದೂ ಬೇಡವೆಂದರೆ ಚಾಮರಾಜನಗರ ದಾಟಿ ಪುಣಜನೂರು ಮಾರ್ಗವಾಗಿ ಸತ್ಯಮಂಗಲದ ಘಾಟಿ. ಆ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯೂ ಹುಲಿ ಸಂರಕ್ಷಿತ ಪ್ರದೇಶದ ಗೇಟು ದಾಟದೆ ಸಾಗದು. ಕಾಡೂ ಹೊಳೆಯೂ ಸೇರಿ ನಮ್ಮ ಮೂರು ತಾಲ್ಲೂಕಿಗೆ ಹಾಕಿರುವ ಬೇಲಿ ಇದು, ಈ ಕಡೆಗಳಲ್ಲಿ ಗೇಟುಗಳು ಬೆರಳೆಣಿಕೆಯಷ್ಟು. ಪ್ರತಿಯೊಂದು ಗೇಟಿನಲ್ಲೂ ನಂಬರ್ ಪ್ಲೇಟು ಓದುವ ಕ್ಯಾಮೆರಾ ನಿಲ್ಲಿಸಿ, ಕಳವಾದ ಗಾಡಿಗಳ ಪಟ್ಟಿಗೆ ಜೋಡಿಸಿ. ಅರಣ್ಯ ಇಲಾಖೆಯವರು ಹೇಗೂ ಕಾಡಿನ ಗೇಟುಗಳಲ್ಲಿ ಗಾಡಿ ನಿಲ್ಲಿಸುತ್ತಾರೆ. ಪ್ಲಾಸ್ಟಿಕ್ ಬಾಟಲಿ ಹುಡುಕುವ ಕೈಗೆ ಆ ಪಟ್ಟಿಯನ್ನೂ ಕೊಟ್ಟರೆ ಸಾಕು. ಈರೋಡ್, ಸೇಲಂ ಜಿಲ್ಲೆಗಳ ನಿಮ್ಮ ಸಹೋದ್ಯೋಗಿಗಳ ಜೊತೆ ಪಟ್ಟಿ ಹಂಚಿಕೊಂಡರೆ ಗಡಿಯ ಆಚೆಗೂ ಕಣ್ಣಿರುತ್ತದೆ.

ಮಾರುವ ದಾರಿ ಗುಜರಿಯದು. ಹಳೆಯ ಗಾಡಿಯನ್ನು ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಮಾರುವುದು ಕಳ್ಳನಿಗೆ ಕ್ಷೇಮ. ಎಂಜಿನ್ ಒಂದು ಕಡೆ, ಟೈರು ಇನ್ನೊಂದು ಕಡೆ, ಚಾಸಿಸ್ ತೂಕದ ಲೆಕ್ಕಕ್ಕೆ. ಕದ್ದ ಮಾಲೆಂದು ತಿಳಿದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಸಜೆ ಇದೆ, ಕಳ್ಳನಿಗೂ 303ನೇ ಕಲಂನಲ್ಲಿ ಅಷ್ಟೇ. ಗುಜರಿ ಅಂಗಡಿಗೆ ಬಂದ ಎಂಜಿನ್ ನಂಬರುಗಳನ್ನು ಪುಸ್ತಕದಲ್ಲಿ ಬರೆದಿಡುವಂತೆ ಮಾಡಿ, ಬೀಟ್ ಪೊಲೀಸರು ಆ ಪುಸ್ತಕಕ್ಕೆ ಸಹಿ ಹಾಕುವಂತೆ ಮಾಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ, ಅದು ಕಳವಿನದ್ದಲ್ಲವೆಂದು ನೋಡಿಕೊಳ್ಳುವ ಸೌಲಭ್ಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಜಾಲತಾಣದಲ್ಲಿ ಉಚಿತವಾಗಿಯೇ ಇದೆ. ಹನೂರಿನ ರೈತನಿಗೆ ಅದು ಗೊತ್ತಿಲ್ಲ. ವ್ಹೀಲ್ ಲಾಕ್ ಹಾಕಿ ಎನ್ನುವ ಫಲಕದ ಪಕ್ಕದಲ್ಲೇ ಇದನ್ನೂ ಬರೆಸಿ.

ಜಾತ್ರೆಯ ಮಾತು ಹೇಳಲೇಬೇಕು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಬರುವ ಭಕ್ತರಲ್ಲಿ ಎಷ್ಟೋ ಮಂದಿ ತಾಳಬೆಟ್ಟದಲ್ಲಿ ಗಾಡಿ ನಿಲ್ಲಿಸಿ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುತ್ತಾರೆ. ಗಾಡಿ ಇಡೀ ರಾತ್ರಿ ಬಯಲಲ್ಲಿ. ಚಿಕ್ಕಲ್ಲೂರು ಜಾತ್ರೆಯಲ್ಲೂ ಇದೇ. ಇಲ್ಲಿ ಬೀಗಕ್ಕಿಂತ ಒಂದು ಟೋಕನ್ ಮೇಲು: ಒಳಗೆ ಬರುವಾಗ ಗಾಡಿಯ ಸಂಖ್ಯೆ ಬರೆದ ಚೀಟಿ, ಹೊರಗೆ ಹೋಗುವಾಗ ಆ ಚೀಟಿ ತೋರಿಸದೆ ಗಾಡಿ ಬಿಡಕೂಡದು. ಹಗ್ಗ ಕಟ್ಟಿದ ಜಾಗ, ಎರಡು ದೀಪ, ನಾಲ್ವರು ಗೃಹರಕ್ಷಕರು ಸಾಕು. ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದೊಂದಿಗೆ ನೀವು ಒಂದು ಸಭೆ ಮಾಡಿದರೆ ಆಗುವ ಕೆಲಸ.

ಇನ್ನು ಕಳವಾದ ಮೇಲಿನದ್ದು. "ಎರಡು ದಿನ ಹುಡುಕಿ ನೋಡಿ, ಸಿಗದಿದ್ದರೆ ಬನ್ನಿ" ಎಂಬ ಮಾತನ್ನು ಕೇಳಿ ಮನೆಗೆ ವಾಪಸಾದವರನ್ನು ನಾನು ಬಲ್ಲೆ. ಯಾವ ಠಾಣೆಯೆಂದು ಇಲ್ಲಿ ಬರೆಯುವುದಿಲ್ಲ. ಆ ಎರಡು ದಿನದಲ್ಲಿ ಗಾಡಿ ಎರಡು ರಾಜ್ಯ ದಾಟಿರುತ್ತದೆ. ವಿಮೆಯ ಹಣಕ್ಕೂ ಅದೇ ದಿನದ ಎಫ್‌ಐಆರ್ ಆಧಾರ: ಟ್ರ್ಯಾಕ್ಟರ್ ಕಳವಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ವಿಮಾ ಕಂಪನಿಗೆ ತಡವಾಗಿ ತಿಳಿಸಿದ ಮಾತ್ರಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದಿದೆ. ಅಂದರೆ ದೂರು ಬರೆದುಕೊಳ್ಳದ ಠಾಣೆ ಮಾಲೀಕನ ಗಾಡಿಯ ಜೊತೆಗೆ ಪರಿಹಾರವನ್ನೂ ಕಳೆಯುತ್ತದೆ. ಸಿಕ್ಕ ಗಾಡಿಗಳದು ಇನ್ನೊಂದು ಪಾಡು. ಠಾಣೆಯ ಆವರಣದಲ್ಲಿ ವಾಹನಗಳನ್ನು ವರ್ಷಗಟ್ಟಲೆ ಇಟ್ಟು ಪ್ರಯೋಜನವಿಲ್ಲ, ಫೋಟೊ ಮತ್ತು ಮುಚ್ಚಳಿಕೆ ಪಡೆದು ಮಾಲೀಕರಿಗೆ ಬೇಗ ಬಿಡಿಸಿಕೊಡಿ ಎಂದು ಅದೇ ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತು. ಠಾಣೆಗಳ ಹಿಂದೆ ಬಳ್ಳಿ ಹಬ್ಬಿಸಿಕೊಂಡು ತುಕ್ಕು ಹಿಡಿಯುತ್ತಿರುವ ಬೈಕುಗಳಿಗೆ ಆ ಆದೇಶ ಇನ್ನೂ ತಲುಪಿಲ್ಲ.

ಬೀಗದ ಖರ್ಚು ನಾವು ನೋಡಿಕೊಳ್ಳುತ್ತೇವೆ. ಕೊಳ್ಳೇಗಾಲ, ಹನೂರು, ರಾಮಾಪುರ, ಯಳಂದೂರು, ಅಗರ-ಮಾಂಬಳ್ಳಿ, ಮಲೆ ಮಹದೇಶ್ವರ ಬೆಟ್ಟ, ಈ ಠಾಣೆಗಳಲ್ಲಿ ಕಳೆದ ಐದು ವರ್ಷದಲ್ಲಿ ಕಳವಾದ ಗಾಡಿಗಳೆಷ್ಟು, ಸಿಕ್ಕವೆಷ್ಟು, ಮಾಲೀಕರ ಕೈ ಸೇರಿದವೆಷ್ಟು ಎಂಬ ಪಟ್ಟಿಯನ್ನು ದಯವಿಟ್ಟು ಪ್ರಕಟಿಸಿ. ಮುಂದಿನ ಶಿವರಾತ್ರಿಯೊಳಗೆ ಹನೂರಿನಲ್ಲಿ ಒಂದು ಸಭೆ ಕರೆದು ಆ ಪಟ್ಟಿಯನ್ನು ನಮ್ಮ ಮುಂದೆ ಓದಿ. ನಾವು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೊಳ್ಳೇಗಾಲದ ಒಬ್ಬ ಗಾಡಿ ಮಾಲೀಕ