ಚೋಕ್ ತಿನ್ನುವ ಕರೆಂಟು

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯ ಮೆಟ್ಟಿಲು, ಕಾರಿಡಾರು, ಪಾರ್ಕಿಂಗ್ ಎಲ್ಲ ಸೇರಿ ನಲವತ್ತು ಟ್ಯೂಬ್‌ಲೈಟುಗಳಿವೆ. ಸಂಜೆ ಆರಕ್ಕೆ ಹತ್ತಿದರೆ ಬೆಳಿಗ್ಗೆ ಆರರವರೆಗೂ ಉರಿಯುತ್ತವೆ. ಕಳೆದ ಸಭೆಯಲ್ಲಿ ಕರೆಂಟ್ ಬಿಲ್ಲಿನ ಮಾತು ಬಂದಾಗ ಎಲ್ಲರೂ ಲಿಫ್ಟನ್ನು ಬೈದರು. ಚೋಕಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಟ್ಯೂಬಿನ ಮೇಲೆ 36 ವ್ಯಾಟ್ ಎಂದು ಬರೆದಿರುತ್ತದೆ. ಆದರೆ ಅದರೊಳಗಿನ ಅನಿಲದಲ್ಲಿ ಕರೆಂಟು ಒಮ್ಮೆ ಹರಿಯತೊಡಗಿದರೆ ಮಿತಿಯಿಲ್ಲದೆ ಏರುತ್ತದೆ. ಅದಕ್ಕೆ ಹಾಕಿದ ಕಡಿವಾಣವೇ ಚೋಕ್. ತಾಮ್ರದ ತಂತಿ ಸುತ್ತಿದ ಹಳೆಯ ಚೋಕ್ ಈ ಚಾಕರಿಗೆ ಹತ್ತು-ಹನ್ನೆರಡು ವ್ಯಾಟ್ ಸುಂಕ ಕಿತ್ತುಕೊಂಡು ಬರೀ ಬಿಸಿಯಾಗಿ ಕಳೆಯುತ್ತದೆ. ಒಳ್ಳೆಯ ಎಲೆಕ್ಟ್ರಾನಿಕ್ ಚೋಕ್ ಮೂರ್ನಾಲ್ಕು ವ್ಯಾಟಿನಲ್ಲಿ ಅದೇ ಕೆಲಸ ಮಾಡುತ್ತದೆ. 2010ರಲ್ಲಿ ಟ್ಯೂಬ್‌ಲೈಟಿಗೆ ನಕ್ಷತ್ರದ ಲೇಬಲ್ ಕಡ್ಡಾಯವಾಯಿತು, ನಿಜ. ಆ ನಕ್ಷತ್ರ ಟ್ಯೂಬಿನದು, ಪಕ್ಕದ ಚೋಕಿನದಲ್ಲ. ಐದು ನಕ್ಷತ್ರದ ಟ್ಯೂಬನ್ನು ಹಳೆಯ ಚೋಕಿಗೆ ಸಿಕ್ಕಿಸಿ ಉಳಿತಾಯ ಮಾಡಿದೆವೆಂದು ನಾವು ಬೀಗಿದೆವು.

ತಾಮ್ರದ ಚೋಕನ್ನು ಜನ ಸುಮ್ಮನೆ ನೆಚ್ಚಿಕೊಂಡಿರಲಿಲ್ಲ. ವೋಲ್ಟೇಜ್ ಏರಿಳಿತಕ್ಕೆ ಅದು ಜಗ್ಗುತ್ತಿರಲಿಲ್ಲ. ಅಗ್ಗದ ಎಲೆಕ್ಟ್ರಾನಿಕ್ ಚೋಕುಗಳು ಮಾತ್ರ ಬೇಗ ಸುಟ್ಟುಹೋಗುತ್ತಿದ್ದವು. ದಕ್ಷತೆಯ ಮೇಲಿನ ನಂಬಿಕೆ ಕೆಟ್ಟದ್ದೇ ಕಳಪೆ ಮಾಲಿನಿಂದ.

ಇದಕ್ಕೆ ಗ್ರಾಹಕನಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಅತ್ಯುತ್ತಮ ಉಪಕರಣ ಮಾಡುವ ತಯಾರಕರಿಗೇ ಪ್ರೋತ್ಸಾಹ ಸಿಗಬೇಕೆಂದು ಇದೇ ಪುಣೆಯ ಪ್ರಯಾಸ್ ಸಂಸ್ಥೆಯ ಇಂಧನ ತಂಡ ವಾದಿಸುತ್ತ ಬಂದಿದೆ. ಒಟ್ಟಾಗಿ ಕೊಂಡರೆ ಏನಾಗುತ್ತದೆಂಬುದನ್ನು ಎಲ್‌ಇಡಿ ಬಲ್ಬು ತೋರಿಸಿತು: 2014ರಲ್ಲಿ 310 ರೂಪಾಯಿ ಇದ್ದ ಸರ್ಕಾರಿ ಸಗಟು ಖರೀದಿ ಬೆಲೆ ಕೆಲವೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು.

ಹಾಗಾಗಿ ನನ್ನ ವಾದ ಇಷ್ಟೇ: ಟ್ಯೂಬ್ ಕೆಟ್ಟಾಗ ಟ್ಯೂಬ್, ಚೋಕ್ ಕೆಟ್ಟಾಗ ಚೋಕ್ ಎಂದು ತೇಪೆ ಹಾಕುವುದು ಸಾಕು. ರಾತ್ರಿಯಿಡೀ ಉರಿಯುವ ಕಡೆ ಚೆನ್ನಾಗಿಯೇ ಇರುವ ಹಳೆಯ ಸೆಟ್ಟನ್ನೂ ಈಗಲೇ ಇಳಿಸಬೇಕು. ಚೋಕ್ ಸೇರಿ 48 ವ್ಯಾಟ್ ಎಳೆಯುವ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಬಂದರೆ, ದಿನಕ್ಕೆ ಹನ್ನೆರಡು ತಾಸಿನಂತೆ ಒಂದು ದೀಪಕ್ಕೆ ವರ್ಷಕ್ಕೆ ಸುಮಾರು 122 ಯೂನಿಟ್ ಉಳಿಯುತ್ತದೆ, ನಲವತ್ತಕ್ಕೆ 4,900. ವಾರಕ್ಕೊಮ್ಮೆ ಹತ್ತುವ ಪಂಪ್ ಕೋಣೆಯ ದೀಪ ಹಾಗೆಯೇ ಇರಲಿ, ಅಲ್ಲಿ ಬದಲಿಸುವುದು ದುಂದು. ಎಲ್‌ಇಡಿ ಕೊಳ್ಳುವಾಗಲೂ ಬೆಲೆಯನ್ನಷ್ಟೇ ನೋಡಿದರೆ ಕಳಪೆ ಚೋಕಿನ ಕಥೆ ಡ್ರೈವರಿನಲ್ಲಿ ಮರುಕಳಿಸುತ್ತದೆ. ಅಕ್ಕಪಕ್ಕದ ನಾಲ್ಕು ಸೊಸೈಟಿಗಳು ಸೇರಿ, ಗ್ಯಾರಂಟಿಯನ್ನು ಬರಹದಲ್ಲಿ ಪಡೆದು ಕೊಳ್ಳಲಿ.

ಇಳಿಸಿದ ಟ್ಯೂಬುಗಳಲ್ಲಿ ಪಾದರಸವಿದೆ. ಅವನ್ನು ಒಡೆಯದೆ ಇ-ತ್ಯಾಜ್ಯದವರಿಗೆ ಒಪ್ಪಿಸಬೇಕು; ಕಸದ ಗಾಡಿಗೆ ಎಸೆದರೆ ನಮ್ಮ ಉಳಿತಾಯದ ಬೆಲೆಯನ್ನು ಕಸ ಆಯುವವರು ತೆರುತ್ತಾರೆ. ಮಿನಮಾಟಾ ಒಪ್ಪಂದದ ದೇಶಗಳು 2027ರ ಕೊನೆಗೆ ಈ ಟ್ಯೂಬುಗಳ ತಯಾರಿಕೆಯನ್ನೇ ನಿಲ್ಲಿಸಲು ಒಪ್ಪಿವೆ. ಅಲ್ಲಿಯವರೆಗೆ ಕಾಯುವ ಪ್ರತಿ ರಾತ್ರಿಯೂ ಚೋಕ್ ತನ್ನ ಸುಂಕ ಎತ್ತುತ್ತಲೇ ಇರುತ್ತದೆ.