ಹಳೆ ಕಾರಿಗೂ ಜಾತಕ ಉಂಟು

ಮಗಳ ಮದುವೆಗೆ ಹತ್ತು ಜಾತಕ ತಿರುವಿ ಹಾಕುವವರೂ ಹಳೆ ಕಾರು ಕೊಳ್ಳುವಾಗ ಮಾತ್ರ ಪಾಲಿಶ್ ಹೊಳಪಿಗೆ ಮರುಳಾಗಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಕಾರಿಗೂ ಒಂದು ಜಾತಕ ಉಂಟು. ಅದನ್ನು ಓದಲು ಜೋಯಿಸರು ಬೇಡ. ಅರ್ಧ ದಿನದ ಬಿಡುವು ಸಾಕು.

ಮೊದಲು ಆರ್.ಸಿ. ಕೇಳಿ. ಜೆರಾಕ್ಸ್ ಅಲ್ಲ, ಮೂಲ ಪ್ರತಿ. ಅದರಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿ. ಉಜ್ಜಿದ ಗುರುತಿದ್ದರೆ ಅಲ್ಲಿಂದಲೇ ವಾಪಸು ಹೊರಡಿ. ‘ಪರಿವಾಹನ್’ ತಾಣದಲ್ಲಿ ಕಾರಿನ ನಂಬರ್ ಕೊಟ್ಟರೆ ನೋಂದಣಿಯ ದಿನಾಂಕ, ವಿಮೆಯ ಅವಧಿ, ಸಾಲದ ವಿವರ ಸಿಗುತ್ತದೆ. ‘ಸಾಲ ಯಾವಾಗಲೋ ತೀರಿತು ಸಾರ್’ ಎಂಬ ಮಾತಿಗೆ ಬೆಲೆಯಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಇದ್ದರಷ್ಟೇ ಆರ್.ಸಿ.ಯಿಂದ ಸಾಲದ ನಮೂದು ಅಳಿಯುತ್ತದೆ. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿಕೊಳ್ಳಿ. ಅದು ಕಾರಿನ ನಂಬರಿಗೇ ಅಂಟಿಕೊಂಡಿರುತ್ತದೆ.

ಇನ್ನು ನೀರಿನಲ್ಲಿ ಮುಳುಗಿದ ಕಾರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ನೀರಿನಲ್ಲಿ ನಿಂತವು. ಅಂಥ ಕಾರನ್ನು ತೊಳೆದು ಮಾರುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ ತುಕ್ಕು ಹುಡುಕಿ. ಮೀಟರ್ 30 ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ, ಪೆಡಲನ್ನು ನಂಬಿ, ಮೀಟರನ್ನಲ್ಲ. ಸರ್ವೀಸ್ ದಾಖಲೆ ಕೇಳಿದರೆ ನಿಜ ತಿಳಿಯುತ್ತದೆ.

ಈಗ ಖರ್ಚಿನ ಮಾತು. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಕೇಂದ್ರದ ದರದಂತೆ ಕಾರಿನ ಹೆಸರು ಬದಲಾವಣೆಗೆ ಶುಲ್ಕ 300 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200 ಬೇರೆ. ಏಜೆಂಟ್ ಸಾವಿರಗಳಲ್ಲಿ ಮಾತನಾಡಿದರೆ ಯಾವುದಕ್ಕೆ ಎಷ್ಟು ಎಂದು ರಸೀತಿ ಕೇಳಿ. ಕಾರಿನ ನೋಂದಣಿಗೆ ಆಯುಸ್ಸು 15 ವರ್ಷ. ಅದು ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. ಆದ್ದರಿಂದ 14 ವರ್ಷದ ಕಾರು ‘ಅಗ್ಗ’ ಎನಿಸಿದರೆ ಇದನ್ನೂ ಲೆಕ್ಕಕ್ಕೆ ಸೇರಿಸಿ. ದೆಹಲಿಯಂಥ ಕಡೆಯಿಂದ ಬಂದ ಕಾರು ಇನ್ನೂ ಅಗ್ಗವಾಗಿ ಕಾಣುತ್ತದೆ. ಅದಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು; ಇಲ್ಲಿ ಅದರ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು. ಬೆಲೆಯಲ್ಲಿ ಉಳಿಸಿದ್ದು ತೆರಿಗೆಯಲ್ಲಿ ಹೋಗುತ್ತದೆ.

ಮಾರುವವರಿಗೂ ಒಂದು ಮಾತು. 2007ರಲ್ಲಿ ಒಬ್ಬರು ಕಾರು ಮಾರಿದರು. ಅದು ಕೈಯಿಂದ ಕೈಗೆ ದಾಟಿತು, ಆರ್.ಸಿ.ಯಲ್ಲಿ ಮಾತ್ರ ಅವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಒಬ್ಬ ಬಾಲಕ ಸತ್ತ. ಪರಿಹಾರ ಕೊಡಬೇಕಾದವರು ಯಾರು? 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದೇ. ಮಾರಿ ಸುಮಾರು ಎರಡು ವರ್ಷವಾಗಿದ್ದರೂ ಆ ಮನುಷ್ಯ ಪಾರಾಗಲಿಲ್ಲ.

ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲವಾದರೆ ನಿಮ್ಮ ಕಾರಿಗೆ ಪೆಟ್ಟಾದಾಗ ಕಂಪೆನಿ ಕೈ ಚೆಲ್ಲೀತು. ಹಳೆ ಮಾಲೀಕರ ‘ನೋ ಕ್ಲೇಮ್ ಬೋನಸ್’ ಅವರದೇ. ಅದು ಕಾರಿನ ಜೊತೆ ಬರುವುದಿಲ್ಲ.

ಫಾರಂ 29 ಮತ್ತು 30ಕ್ಕೆ ಸಹಿ ಹಾಕುವಾಗ ಕೊಳ್ಳುವವರ ಹೆಸರಿನ ಜಾಗ ಖಾಲಿ ಇದ್ದರೆ ಪೆನ್ನು ಕೆಳಗಿಡಿ. ಹೆಸರು ತುಂಬಿದ ಮೇಲೆ ಸಹಿ ಮಾಡಿ, ಒಂದು ಪ್ರತಿ ನಿಮ್ಮ ಬೀರುವಿನಲ್ಲಿಟ್ಟು, ಆಮೇಲೆ ಕೀಲಿ ಕೊಡಿ.